ರಾಗಿ ಸೊಂಟದೆತ್ತರ ಬೆಳೆದಿದೆ, ತೆನೆ ಮಾತ್ರ ಇಲ್ಲ!

ಹಿತ್ತಲಮನೆ (ಅಕ್ಟೋಬರ್ 16)
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ. ಮೈಸೂರಿನಲ್ಲಿ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಈ ಸಲ ರಾಗಿ ಹಾಕಿದ್ದೇನೆ. ಅದಕ್ಕೂ ಮೊದಲು ಮೇ ತಿಂಗಳಲ್ಲಿ ಹಸಿರು ಗೊಬ್ಬರಕ್ಕೆ ಅಂತ ಸೆಣಬು ಬಿತ್ತಿ, 45 ದಿನಕ್ಕೆ ಕೊಯ್ದು ಮಣ್ಣಿಗೆ ಸೇರಿಸಿದ್ದೆ. ಎಲ್ಲಾ ಕ್ರಮವಾಗಿಯೇ ಮಾಡಿದ್ದೇನೆ. ರಾಗಿ ಈಗ ಸೊಂಟದೆತ್ತರ, ಕಡು ಹಸಿರು, ಬುಡಕ್ಕೆ 8-10 ತೆಂಡೆ (ಪಕ್ಕದಲ್ಲಿ ಒಡೆಯುವ ಕವಲು). ಆದರೆ ತೆನೆ ಇಲ್ಲ. ಹೊಡೆಯೂ (ತೆನೆ ಹೊರಬರುವ ಮೊದಲು ಊದುವ ಸುಳಿ) ಕಟ್ಟಿಲ್ಲ. "ಹುಲ್ಲು ಚೆನ್ನಾಗಿ ಬೆಳೆಸಿದ್ದೀರಿ, ಇನ್ನು ಒಂದು ಹಸು ತನ್ನಿ" ಅಂತ ಮನೆಯವಳು ನಗುತ್ತಿದ್ದಾಳೆ. ಹೋದ ವರ್ಷ ಹಿತ್ತಲಲ್ಲಿ ಹಾಕಿದ್ದು ಚೆನ್ನಾಗೇ ಬಂದಿತ್ತು. ಏನು ತಪ್ಪಾಗಿದೆ? ಬೇಗ ಹೇಳಿ.

ಕೆಂಪುಮಣ್ಣು (ಅಕ್ಟೋಬರ್ 16)
ಇದರಲ್ಲಿ ಕೇಳುವುದೇನಿದೆ? ಉತ್ತರ ನೀವೇ ಬರೆದಿದ್ದೀರಿ. ಸೆಣಬು. ಗಾಳಿಯ ಸಾರಜನಕವನ್ನೆಲ್ಲ ಬೇರಿಗೆ ಎಳೆದು ತಂದು ಕೊಟ್ಟಿದೆ. ಕಡು ಹಸಿರು, ಜಾಸ್ತಿ ತೆಂಡೆ, ತೆನೆ ಇಲ್ಲ ಅಂದರೆ ಸಾರಜನಕ ಹೆಚ್ಚಾಗಿದೆ ಅಂತಲೇ ಅರ್ಥ. ನೀರು ಕಡಿಮೆ ಮಾಡಿ, ಬುಡಕ್ಕೆ ಸೌದೆ ಒಲೆಯ ಬೂದಿ ಹಾಕಿ. ಯೂರಿಯಾ ಏನಾದರೂ ಹಾಕಿದ್ದೀರಾ?

ತಾರಸಿತೋಟ (ಅಕ್ಟೋಬರ್ 16)
ಫೋಟೋ ಹಾಕಿ ಸರ್.

ಗುಳಿರಾಗಿ_ಹಾವೇರಿ (ಅಕ್ಟೋಬರ್ 17)
ತಳಿ ಯಾವುದು? ಯಾವತ್ತು ಬಿತ್ತಿದ್ದು? ಇವೆರಡೂ ಗೊತ್ತಿಲ್ಲದೆ ಯಾರು ಏನು ಹೇಳಿದರೂ ಕಣಿ ಹೇಳಿದ ಹಾಗೆ. ಜಿಪಿಯು 48 ಆದರೆ 100-105 ದಿನಕ್ಕೆ ಕೊಯ್ಲು. ಜಿಪಿಯು 28 ಆದರೆ 110-115. ಎಂಆರ್ 6 ಆದರೆ 120 ದಾಟುತ್ತದೆ.

ಹಿತ್ತಲಮನೆ (ಅಕ್ಟೋಬರ್ 17)
ತಳಿ ಅಂದರೆ... ಮಾಮೂಲಿ ರಾಗಿ. ಹುಣಸೂರು ಕಡೆ ಅತ್ತೆ ಮನೆಯಿಂದ ತಂದ ಬೀಜ. ಬಿತ್ತಿದ್ದು ಜುಲೈ 10. ಯೂರಿಯಾ ಹಾಕಿಲ್ಲ. ಕುರಿ ಗೊಬ್ಬರ ಎರಡು ಚೀಲ ಹಾಕಿದ್ದೆ. ಹೋದ ವರ್ಷದ್ದು ಜಿಪಿಯು 28, ರೈತ ಸಂಪರ್ಕ ಕೇಂದ್ರದಿಂದ ತಂದದ್ದು.

ಕೆಂಪುಮಣ್ಣು (ಅಕ್ಟೋಬರ್ 17)
ನೋಡಿದ್ರಾ! ಕುರಿ ಗೊಬ್ಬರ ಬೇರೆ. ಈಗಲಾದರೂ ಒಪ್ಪುತ್ತೀರಾ?

ಗುಳಿರಾಗಿ_ಹಾವೇರಿ (ಅಕ್ಟೋಬರ್ 17)
ಹೋದ ವರ್ಷದ ತಳಿಯೇ ಬೇರೆ, ಈ ವರ್ಷದ್ದೇ ಬೇರೆ. ಇದನ್ನು ಮೊದಲೇ ಹೇಳಬಾರದಿತ್ತಾ ಸರ್? ಊರ ಕಡೆಯ ಹಳೇ ತಳಿ ನಿಧಾನ. 99 ದಿನ ಆಗಿದೆ ಅಷ್ಟೇ, ಕಾಯಿರಿ. ಅಂದ ಹಾಗೆ ಬಿತ್ತಿದ್ದು ಚೆಲ್ಲು ಬಿತ್ತನೆಯಾ, ಸಸಿ ನಾಟಿಯಾ? ನಮ್ಮ ಕಡೆ ಒಂದೂವರೆ ಅಡಿಗೆ ಒಂದು ಗುಳಿ. ಪೈರು ಚಿಕ್ಕದಿರುವಾಗ ಮೇಲೆ ಕೊರಡು ಎಳೆಯುತ್ತೇವೆ. ಬಾಗಿದ ಪೈರು ಎದ್ದು ನಿಂತು ತೆಂಡೆ ಹೊಡೆಯುವುದನ್ನು ನೋಡಬೇಕು! ನಿಮ್ಮ 8-10 ತೆಂಡೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅಕ್ಕಡಿಸಾಲು (ಅಕ್ಟೋಬರ್ 18)
ಒಂದು ತಿದ್ದುಪಡಿ. ಗೊಬ್ಬರಕ್ಕೆ ಹಾಕುವುದು ಅಪ್ಸೆಣಬು. ಬರೀ ಸೆಣಬು ಅಂದರೆ ಗೋಣಿಚೀಲ ಮಾಡುವ ನಾರಿನ ಗಿಡ.

ಕೆಂಪುಮಣ್ಣು (ಅಕ್ಟೋಬರ್ 18)
ನಮ್ಮ ಊರಲ್ಲಿ ಇದನ್ನೇ ಸೆಣಬು ಅನ್ನುವುದು. ಹಳದಿ ಹೂ, ಉದ್ದ ಎಲೆ. ನೀವು ಡಯಂಚ (ಇನ್ನೊಂದು ಹಸಿರು ಗೊಬ್ಬರದ ಗಿಡ) ನೋಡಿ ಹೇಳುತ್ತಿದ್ದೀರೇನೋ.

ಅಕ್ಕಡಿಸಾಲು (ಅಕ್ಟೋಬರ್ 18)
ಡಯಂಚ ಗೊತ್ತಿಲ್ಲದವನಲ್ಲ ನಾನು. ಅದರ ಎಲೆ ಹುಣಸೆ ಎಲೆ ಥರ, ನೀರು ನಿಲ್ಲುವ ಗದ್ದೆಗೆ ಹಾಕುವುದು. ನಾನಾಗಿದ್ದರೆ ಸೆಣಬಿನ ಗೋಜಿಗೇ ಹೋಗುತ್ತಿರಲಿಲ್ಲ. ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಸಾಲು ಹಾಕಿದರೆ ನೆಲವೂ ಮುಚ್ಚುತ್ತದೆ, ಅಡುಗೆ ಮನೆಗೂ ಆಗುತ್ತದೆ.

ತಾರಸಿತೋಟ (ಅಕ್ಟೋಬರ್ 19)
ನನ್ನದು ತಾರಸಿ ಮೇಲೆ 40 ಗ್ರೋಬ್ಯಾಗ್. ಹೋದ ಸಲ ಒಂದೂವರೆ ಕೆಜಿ ರಾಗಿ ಬಂತು. ತೆನೆ ಮಾತ್ರ ಕತ್ತರಿಸಿ ಒಣಗಿಸಿದೆ. ಹಳೇ ದಿಂಬಿನ ಕವರಿಗೆ ತುಂಬಿ ಬಟ್ಟೆ ಒಗೆಯುವ ಕಲ್ಲಿಗೆ ಬಡಿದೆ. ಟೇಬಲ್ ಫ್ಯಾನ್ ಮುಂದೆ ತೂರಿದೆ. ಒಕ್ಕಣೆ ಮುಗಿಯಿತು!

ಮೊರ (ಅಕ್ಟೋಬರ್ 19)
ತೆನೆ ಕೊಯ್ದ ಮೇಲೆ ಮೂರು ನಾಲ್ಕು ದಿನ ರಾಶಿ ಹಾಕಿ ಮುಚ್ಚಿಡಿ, ಆಮೇಲೆ ಒಣಗಿಸಿ ಬಡಿಯಿರಿ. ಕಾಳು ಸಲೀಸಾಗಿ ಉದುರುತ್ತದೆ, ದಿಂಬಿನ ಕವರ್ ಹರಿಯುವುದಿಲ್ಲ. ಆದರೆ ಪಾಪ, ಅವರಿಗೆ ತೆನೆಯೇ ಬಂದಿಲ್ಲ. ನಾವೆಲ್ಲ ಒಕ್ಕಣೆ ಮಾಡುತ್ತಾ ಕೂತಿದ್ದೇವೆ.

ಹಿತ್ತಲಮನೆ (ಅಕ್ಟೋಬರ್ 21)
ಬೂದಿ ಹಾಕಿದೆ. ನೀರು ನಿಲ್ಲಿಸಿದೆ. ಏನೂ ಆಗಿಲ್ಲ. ಇನ್ನೊಂದು ವಿಚಿತ್ರ ಇದೆ, ಅದೇನು ಮುಖ್ಯ ಅಲ್ಲ ಅಂತ ಬರೆದಿರಲಿಲ್ಲ. ಸೈಟಿನ ಹಿಂದೆ ನಮ್ಮ ನೀರಿನ ಟ್ಯಾಂಕ್ ಗೋಡೆ ಇದೆ. ಅದರ ಮರೆಯ ಎರಡು ಸಾಲಿನಲ್ಲಿ ತೆನೆ ಬಂದು ಹಾಲು ತುಂಬುತ್ತಿದೆ. ಅದೇ ಬೀಜ, ಅದೇ ದಿನ ಬಿತ್ತಿದ್ದು. ಬೇಲಿಗೆ ಹಬ್ಬಿಸಿದ ಅವರೆಯೂ ಹಾಗೇ. ಹಿಂದೆ ಹೂ, ರಸ್ತೆ ಕಡೆ ಬರೀ ಎಲೆ.

ಕೆಂಪುಮಣ್ಣು (ಅಕ್ಟೋಬರ್ 21)
ಹಿಂದುಗಡೆ ಸೆಣಬು ಕಡಿಮೆ ಬಿದ್ದಿರುತ್ತದೆ. ಮತ್ತೆ ಅದೇ ಕಥೆ.

ಮೊರ (ಅಕ್ಟೋಬರ್ 21)
ರಸ್ತೆ ಕಡೆ ಬೀದಿ ದೀಪ ಇದೆಯಾ?

ಹಿತ್ತಲಮನೆ (ಅಕ್ಟೋಬರ್ 21)
ಇದೆ, ಸೈಟಿನ ಮೂಲೆಯಲ್ಲೇ ಕಂಬ. ಹೊಸ ಎಲ್‌ಇಡಿ ದೀಪ. ರಾತ್ರಿ ಅದರ ಕೆಳಗೆ ಪೇಪರ್ ಓದಬಹುದು. ಅದಕ್ಕೂ ರಾಗಿಗೂ ಏನು ಸಂಬಂಧ ಮೇಡಂ?

ಮೊರ (ಅಕ್ಟೋಬರ್ 22)
ಅದಕ್ಕೇ ಸಂಬಂಧ. ರಾಗಿ ರಾತ್ರಿಯ ಉದ್ದ ನೋಡಿ ತೆನೆ ಬಿಡುವ ಗಿಡ. ಮೈಸೂರಿನಲ್ಲಿ ಜೂನ್ ಕೊನೆಗೆ ಹಗಲು ಸುಮಾರು 12 ಗಂಟೆ 50 ನಿಮಿಷ. ಆಮೇಲೆ ಕಡಿಮೆ ಆಗುತ್ತಾ ಬಂದು, ಸೆಪ್ಟೆಂಬರ್ ಕಳೆದ ಮೇಲೆ 12 ಗಂಟೆಗಿಂತ ಕೆಳಗೆ ಇಳಿಯುತ್ತದೆ. ರಾತ್ರಿ ಉದ್ದವಾಯಿತು ಅಂತ ಗೊತ್ತಾದ ಮೇಲೆ ರಾಗಿ ಎಲೆ ಬಿಡುವುದನ್ನು ನಿಲ್ಲಿಸಿ ತೆನೆಗೆ ತಯಾರಾಗುತ್ತದೆ. ನಿಮ್ಮ ಸೈಟಿನಲ್ಲಿ ರಾತ್ರಿಯೇ ಆಗುತ್ತಿಲ್ಲ. ಪೈರಿನ ಪಾಲಿಗೆ ಇನ್ನೂ ಹಗಲು.

ಅವರೆಯೇ ಸಾಕ್ಷಿ. ಸೊಗಡಿನ ಅವರೆ ಹೊತ್ತು ಚಿಕ್ಕದಾಗುವ ತನಕ ಹೂ ಬಿಡುವುದಿಲ್ಲ. ಅದಕ್ಕೇ ಅದು ಚಳಿಗಾಲದ ಕಾಯಿ. ವರ್ಷವಿಡೀ ಬರಲಿ ಅಂತಲೇ ಹೆಬ್ಬಾಳ ಅವರೆ 3, 4 ತಳಿ ಮಾಡಿದ್ದು, ಅವಕ್ಕೆ ಹೊತ್ತಿನ ಹಂಗಿಲ್ಲ. ಸಾರಜನಕ ಜಾಸ್ತಿಯಾದರೆ ರಾಗಿ ಸ್ವಲ್ಪ ತಡವಾಗಬಹುದು, ನೆಲಕ್ಕೆ ಒರಗಬಹುದು. ತೆನೆ ಗೋಡೆ ನೋಡಿಕೊಂಡು ಬರುವುದಿಲ್ಲ.

ಕೆಂಪುಮಣ್ಣು (ಅಕ್ಟೋಬರ್ 22)
ಹಾಗಾದರೆ ಹುಣ್ಣಿಮೆ ಬಂದಾಗಲೆಲ್ಲ ರಾಗಿ ನಿಂತುಹೋಗಬೇಕಿತ್ತಲ್ಲ? ಹೆದ್ದಾರಿ ಪಕ್ಕದ ಹೊಲಗಳಲ್ಲಿ ಬೆಳೆಯುತ್ತಿಲ್ಲವೇ?

ಮೊರ (ಅಕ್ಟೋಬರ್ 22)
ಹುಣ್ಣಿಮೆ ಬೆಳಕಿನಲ್ಲಿ ಪೇಪರ್ ಓದಿ ತೋರಿಸಿ. ಕಾಲು ಲಕ್ಸ್ (ಬೆಳಕಿನ ಅಳತೆ) ಇದ್ದರೆ ಹೆಚ್ಚು. ದೀಪದ ಕೆಳಗೆ ಅದರ ಹತ್ತಾರು ಪಟ್ಟು ಇರುತ್ತದೆ, ದಿನಾ ಇರುತ್ತದೆ. ಹೆದ್ದಾರಿಯಲ್ಲಿ ಗಾಡಿ ಬೆಳಕು ಬಂದು ಹೋಗುತ್ತದೆ. ಕಂಬ ಇರುವ ಕಡೆ ಬುಡದ ಪೈರನ್ನು ಒಮ್ಮೆ ನೋಡಿ ಬನ್ನಿ.

ಹಿತ್ತಲಮನೆ ಅವರೇ, ಒಂದು ಹತ್ತು ಹನ್ನೆರಡು ಬುಡಕ್ಕೆ ಕೋಲು ನೆಟ್ಟು, ಸಂಜೆ 6ಕ್ಕೆ ಕಪ್ಪು ಟಾರ್ಪಾಲ್ ಮುಚ್ಚಿ, ಬೆಳಿಗ್ಗೆ 6ಕ್ಕೆ ತೆಗೆಯಿರಿ. ಒಂದು ದಿನವೂ ತಪ್ಪಿಸಬೇಡಿ. ಉಳಿದದ್ದನ್ನು ಹಾಗೇ ಬಿಡಿ, ಹೋಲಿಸಿ ನೋಡಲು ಬೇಕು. ದೀಪಕ್ಕೆ ನಿಮ್ಮ ಸೈಟಿನ ಕಡೆ ತಗಡಿನ ಮರೆ ಹಾಕಿಕೊಡಿ ಅಂತ ಅರ್ಜಿ ಕೊಡಿ. ಕಂಬ ಮಾತ್ರ ನೀವೇ ಹತ್ತಬೇಡಿ.

ಗುಳಿರಾಗಿ_ಹಾವೇರಿ (ಅಕ್ಟೋಬರ್ 23)
ಇದು ಹೊಳೆದಿರಲಿಲ್ಲ ಅಕ್ಕಾ. ನಮ್ಮ ಹೊಲದಲ್ಲಿ ದೀಪವೇ ಇಲ್ಲವಲ್ಲ! ಆದರೂ ನಾಟಿ ಮಾಡಿದ್ದರೆ ಚೆನ್ನಾಗಿತ್ತು.

ಹಿತ್ತಲಮನೆ (ನವೆಂಬರ್ 16)
ತಡವಾಯಿತು, ಕ್ಷಮಿಸಿ. ಅಕ್ಟೋಬರ್ 23ರಿಂದ 12 ಬುಡಕ್ಕೆ ಟಾರ್ಪಾಲ್. ಎರಡು ಸಂಜೆ ಮದುವೆಗೆ ಹೋಗಿದ್ದಾಗ ಪಕ್ಕದ ಮನೆ ಹುಡುಗ ಮುಚ್ಚಿದ. ಇವತ್ತು ನೋಡಿದರೆ 7 ಬುಡದಲ್ಲಿ ಹೊಡೆ ಊದಿದೆ! ಒಂದರಲ್ಲಿ ತೆನೆ ತುದಿ ಕಾಣಿಸುತ್ತಿದೆ. ಟಾರ್ಪಾಲ್ ಇಲ್ಲದವು ಹುಲ್ಲು ಹುಲ್ಲಾಗಿಯೇ ನಿಂತಿವೆ. ಮರೆ ಹಾಕಿಸುವ ಅರ್ಜಿಗೆ "ನೋಡೋಣ" ಅಂದಿದ್ದಾರೆ. ಟ್ಯಾಂಕ್ ಹಿಂದಿನದು ಕೊಯ್ಲಿಗೆ ಬಂದಿದೆ, ಆದರೆ ಪುಟ್ಟ ಪುಟ್ಟ ಹಕ್ಕಿಗಳು ಗುಂಪಾಗಿ ಬಂದು ತಿನ್ನುತ್ತಿವೆ. ಯಾವ ಬಲೆ ಹಾಕಲಿ?

ಕೆಂಪುಮಣ್ಣು (ನವೆಂಬರ್ 16)
ಬೂದಿ ಹಾಕಿದ್ದಿರಲ್ಲ, ಅದು ಈಗ ಕೆಲಸ ಮಾಡಿದೆ.

ಹಿತ್ತಲಮನೆ (ನವೆಂಬರ್ 17)
ಸರ್, ಬೂದಿ ಇಡೀ ಸೈಟಿಗೆ ಹಾಕಿದ್ದೆ.

ಅಕ್ಕಡಿಸಾಲು (ನವೆಂಬರ್ 17)
ಮುಂದಿನ ವರ್ಷ ದೀಪದ ಕಡೆ ಹೆಬ್ಬಾಳ ಅವರೆ 4 ಹಾಕಿ, ರಾಗಿಯನ್ನು ಹಿಂದಕ್ಕೆ ತಳ್ಳಿ. ಮತ್ತೆ, ಅದು ಅಪ್ಸೆಣಬೇ.

ತಾರಸಿತೋಟ (ನವೆಂಬರ್ 19)
ಹಕ್ಕಿ ವಿಷಯಕ್ಕೆ: ನಾನು ಒಂದೊಂದು ತೆನೆಗೂ ಹಳೇ ಸೊಳ್ಳೆ ಪರದೆಯ ಚೀಲ ಹೊಲಿದು ಕಟ್ಟಿದ್ದೆ. 40 ಬ್ಯಾಗಿಗೆ 200ಕ್ಕೂ ಜಾಸ್ತಿ ಚೀಲ. ಫೋಟೋ ಹಾಕಲಾ?