ಮೀನು ಹಿಡಿಯಲು ಹಗುರದ ರಾಡ್ ತೆಗೆದುಕೊಂಡೆ, ಮಣಿಕಟ್ಟು ಮಾತ್ರ ಮೊದಲಿಗಿಂತ ಜಾಸ್ತಿ ನೋಯುತ್ತಿದೆ

ಕೆರೆಬದಿ:
ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರ ನಮ್ಮ ತೋಟ. ಕಾಫಿಗೆ ನೀರು ಹೊಡೆಯುವ ಕೆರೆಯಲ್ಲಿ ಕೊರವ ಮೀನು ಚೆನ್ನಾಗಿದೆ, ಭಾನುವಾರ ಬಂತು ಅಂದರೆ ಗಾಳಕ್ಕೆ ರಬ್ಬರ್ ಕಪ್ಪೆ ಕಟ್ಟಿಕೊಂಡು ಅಲ್ಲೇ ಇರುತ್ತೇನೆ. ಇಷ್ಟು ವರ್ಷ ಆರೂವರೆ ಅಡಿಯ ಹಳೇ ಫೈಬರ್ ರಾಡ್ ಇತ್ತು, 170 ಗ್ರಾಂ. ಹೋದ ತಿಂಗಳು ಏಳಡಿಯ ಕಾರ್ಬನ್ ರಾಡ್ ತಂದೆ. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಬರೀ 125 ಗ್ರಾಂ. ಆದರೆ ಒಂದು ಗಂಟೆ ಎಸೆದರೆ ಸಾಕು, ಮಣಿಕಟ್ಟು ಹಿಡಿದುಕೊಳ್ಳುತ್ತದೆ. ತುದಿ ಯಾವಾಗಲೂ ನೀರಿನ ಕಡೆಗೇ ಇಳಿಯುತ್ತಾ ಇರುತ್ತದೆ. ಲೈನ್ (ದಾರ) ಸುತ್ತುವ ರೀಲ್ ಎರಡಕ್ಕೂ ಒಂದೇ, 270 ಗ್ರಾಂನದು. 45 ಗ್ರಾಂ ಕಮ್ಮಿ ಇದ್ದೂ ಭಾರ ಅನ್ನಿಸುವುದು ಹೇಗೆ? ವಯಸ್ಸಾಯಿತು ಅಂತ ಹೆಂಡತಿ ಹೇಳುತ್ತಾಳೆ, ಅದು ಬಿಟ್ಟು ಬೇರೆ ಉತ್ತರ ಇದ್ದರೆ ಹೇಳಿ.

ಬರಪೊಳೆ ಹುಡುಗ:
ದೊಡ್ಡ ರೀಲ್ ಹಾಕಿ ಅಣ್ಣ. ಹಿಂದೆ ಭಾರ ಬೀಳುತ್ತದೆ, ತುದಿ ಮೇಲೇಳುತ್ತದೆ. ನಾನೂ ಹಾಗೇ ಮಾಡಿದ್ದು, ಈಗ ಆರಾಮ.

ಮೆಣಸಿನ ಏಣಿ:
ತಮ್ಮಾ, ರೀಲ್ ಕೂರುವುದು ಎಲ್ಲಿ ಹೇಳು? ಸರಿಯಾಗಿ ಅಂಗೈ ಕೆಳಗೆ. ತಕ್ಕಡಿಯ ನಡು ಮುಳ್ಳಿನ ಹತ್ತಿರ ಎಷ್ಟು ಭಾರ ಇಟ್ಟರೂ ತಟ್ಟೆ ಅಲ್ಲಾಡುತ್ತದಾ? ಒಟ್ಟು ಭಾರ ಏರುತ್ತದೆ ಅಷ್ಟೇ.

ಕೆರೆಬದಿಯವರೇ, ತೋಟದಲ್ಲಿ ಮೆಣಸು ಕುಯ್ಯುವ ಏಣಿ ಹೊತ್ತಿರುತ್ತೀರಿ ಅಲ್ವಾ. ನಡುವಿಗೆ ಹೆಗಲು ಕೊಟ್ಟರೆ ಒಬ್ಬನೇ ಏರು ಹತ್ತಬಹುದು. ಅದೇ ಏಣಿಯ ಒಂದು ತುದಿ ಹಿಡಿದು ಅಡ್ಡಲಾಗಿ ಎತ್ತಿ ನೋಡಿ. ಏಣಿಯ ತೂಕ ಬದಲಾಗಿಲ್ಲ, ಆದರೂ ಕೈ ನಿಲ್ಲುವುದಿಲ್ಲ. ಮಣಿಕಟ್ಟಿಗೆ ಗೊತ್ತಾಗುವುದು ತೂಕ ಅಲ್ಲ, ತೂಕವನ್ನು ದೂರದಿಂದ ಗುಣಿಸಿದರೆ ಬರುತ್ತದಲ್ಲ, ಅದು.

ಒಂದು ಕೆಲಸ ಮಾಡಿ. ರೀಲ್ ಬಿಚ್ಚಿ, ರಾಡನ್ನು ಒಂದು ಬೆರಳ ಮೇಲೆ ನಿಲ್ಲಿಸಿ. ಎಲ್ಲಿ ಸಮ ನಿಲ್ಲುತ್ತದೋ ಅಲ್ಲಿಂದ ನೀವು ಹಿಡಿಯುವ ಜಾಗಕ್ಕೆ ಎಷ್ಟು ಸೆಂಟಿಮೀಟರ್ ಅಂತ ಟೇಪ್ ಹಿಡಿದು ನೋಡಿ, ಅದನ್ನು ಗ್ರಾಂನಿಂದ ಗುಣಿಸಿ. ಎರಡೂ ರಾಡಿಗೆ ಮಾಡಿ. ಉತ್ತರ ಅಲ್ಲೇ ಸಿಗುತ್ತದೆ.

ಇನ್ನೊಂದು ವಿಷಯ, ಇದನ್ನು ಜಾಸ್ತಿ ಜನ ಬೆರೆಸಿಬಿಡುತ್ತಾರೆ. ಸುಮ್ನೆ ಹಿಡಿದು ನಿಂತಾಗಿನ ಭಾರ ಬೇರೆ, ಬೀಸುವಾಗಿನ ಭಾರ ಬೇರೆ. ಏಳಡಿ ರಾಡಿನಲ್ಲಿ ಕೈಯಿಂದ ತುದಿಗೆ ಸುಮಾರು 180 ಸೆಂಟಿಮೀಟರ್, ಹಿಂದಕ್ಕೆ 30 ಅಂತ ಇಟ್ಟುಕೊಳ್ಳಿ. ಆರು ಪಟ್ಟು. ಅಂದರೆ ತುದಿಯ 1 ಗ್ರಾಂ ಇಳಿಯದ ಹಾಗೆ ತಡೆಯಲು ಹಿಂದೆ 6 ಗ್ರಾಂ ಬೇಕು, ಹೆಚ್ಚುಕಮ್ಮಿ ಹಳದಿ ಐದು ರೂಪಾಯಿ ನಾಣ್ಯದ ತೂಕ ಅದು. ಆದರೆ ಬೀಸುವಾಗ ದೂರದ ವರ್ಗ ಲೆಕ್ಕಕ್ಕೆ ಬರುತ್ತದೆ, ಅಂದರೆ ಆರಾರಲಿ ಮೂವತ್ತಾರು. ಅಲ್ಲಿ ತುದಿಯ 1 ಗ್ರಾಂ ಹಿಂದಿನ 36 ಗ್ರಾಂಗೆ ಸಮ. ಹಿಂದೆ ನಾಣ್ಯ ಕಟ್ಟಿದರೆ ತುದಿ ಇಳಿಯುವುದು ನಿಲ್ಲುತ್ತದೆ, ಬೀಸುವ ಭಾರ ಕಮ್ಮಿಯಾಗುವುದೇ ಇಲ್ಲ, ಚೂರು ಏರುತ್ತದೆ. ಅದಕ್ಕೆ ಮದ್ದು ತುದಿಯಲ್ಲೇ ಮಾಡಬೇಕು, ಲೈನ್ ಹಾಯುವ ಅಲ್ಲಿನ ರಿಂಗ್ ಮತ್ತು ಗೈಡ್‌ಗಳು ಚಿಕ್ಕವು, ಹಗುರದವು ಇರಬೇಕು.

ಹಾರಂಗಿ ದಡ:
ಏಣಿ ಅಣ್ಣ ಹೇಳಿದ್ದೆಲ್ಲ ದಿನವಿಡೀ ಎಸೆದು ಎಳೆಯುವವರಿಗೆ. ತಳಕ್ಕೆ ಗಾಳ ಬಿಟ್ಟು ಕೂರುವವನಿಗೆ ಸ್ಟ್ಯಾಂಡ್ ಇದೆ, ರಾಡ್ ಅರ್ಧ ಕೆಜಿ ಇದ್ದರೂ ಸ್ಟ್ಯಾಂಡಿಗೆ ಕೈ ನೋಯುವುದಿಲ್ಲ. ಕಾವೇರಿ ದಡದ ವಾಲ್ನೂರಿನ ಕಡೆ ಬಿಳಿ ಮೀನಿಗೆ, ಅಂದರೆ ಮಹಸೀರ್‌ಗೆ, ರಾಗಿ ಉಂಡೆ ಹಾಕಿ ಕಾಯುತ್ತಿದ್ದವರ ರಾಡ್ ನೋಡಿದ್ದೀರಾ? ಒನಕೆ. ಮೀನು ಎಳೆಯಲು ಶುರು ಮಾಡಿದ ಮೇಲೆ ಬ್ಯಾಲೆನ್ಸ್ ಯಾರು ಕೇಳುತ್ತಾರೆ, ಎಲ್ಲ ಭಾರ ಅದರದೇ. (ಅಲ್ಲಿ ಹಿಡಿದು ವಾಪಸ್ ಬಿಡುವುದು ಮಾತ್ರ ಕ್ರಮವಾಗಿತ್ತು. ನಮ್ಮ ಕಾವೇರಿಯ ಗೂನುಬೆನ್ನಿನ ಮಹಸೀರ್ 2018ರಿಂದ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ, ಸಾರಿಗೆ ಆಸೆ ಪಡಬೇಡಿ.)

ನಾಣ್ಯ ಕಟ್ಟುವ ಮೊದಲು ಖರ್ಚಿಲ್ಲದ್ದೊಂದಿದೆ. ರೀಲಿನ ಕಾಲು, ಅಂದರೆ ರೀಲನ್ನು ರಾಡಿಗೆ ಸೇರಿಸುವ ಕಡ್ಡಿ, ನಿಮ್ಮ ಯಾವ ಬೆರಳುಗಳ ನಡುವೆ ಬರುತ್ತದೆ? ನಡುಬೆರಳು, ಉಂಗುರ ಬೆರಳ ನಡುವೆ ಇದ್ದರೆ ಕೈಯನ್ನು ಮುಂದೆ ತಳ್ಳಿ, ಕಾಲು ಕಿರುಬೆರಳಿನ ಹಿಂದೆ ಬರಲಿ. ಕೈ ನಾಲ್ಕು ಸೆಂಟಿಮೀಟರ್ ಮುಂದೆ ಹೋಯಿತು, ರೀಲ್ ನಾಲ್ಕು ಸೆಂಟಿಮೀಟರ್ ಹಿಂದೆ ಉಳಿಯಿತು. ಈಗ ರೀಲಿನ ತೂಕ ನಿಮ್ಮ ಕಡೆಗೆ ಕೆಲಸ ಮಾಡುತ್ತದೆ.

ಬರಪೊಳೆ ಹುಡುಗ:
ನಾನು ಹಿಡಿಯುವುದೇ ಹಾಗೆ! ಅದಕ್ಕೇ ನನಗೆ ದೊಡ್ಡ ರೀಲ್ ಸರಿಹೋಗಿದ್ದು. ಏಣಿ ಅಣ್ಣ, ಪೂರ್ತಿ ತಪ್ಪು ಹೇಳಿಲ್ಲ ನಾನು 😀

ಮೆಣಸಿನ ಏಣಿ:
ಅರ್ಧ ಒಪ್ಪಿದೆ. ಕಾರಣ ಗೊತ್ತಿಲ್ಲದೆ ಸರಿ ಹೇಳಿದ್ದೀಯ.

ಕೆರೆಬದಿ:
ಅಳೆದೆ. ಹಳೇ ರಾಡ್ ಕೈಯಿಂದ 28 ಸೆಂಟಿಮೀಟರಿಗೆ ಸಮ ನಿಲ್ಲುತ್ತದೆ, 170ರಿಂದ ಗುಣಿಸಿದರೆ 4760. ಹೊಸದು 45ಕ್ಕೆ, 125ರಿಂದ ಗುಣಿಸಿದರೆ 5625. ಅಂದರೆ ಹಗುರದ್ದೇ ಜಾಸ್ತಿ ಜಗ್ಗುತ್ತಿತ್ತು! ಹಳೇದರ ಹಿಡಿ ದಪ್ಪ, ಭಾರದ್ದು, ಅದು ಇಷ್ಟು ದಿನ ನನ್ನ ಕೈ ಕಾಯುತ್ತಿತ್ತು ಅಂತ ಈಗ ಗೊತ್ತಾಯಿತು.

ಕೈ ಮುಂದೆ ತಳ್ಳಿ ನೋಡಿದೆ. ತುದಿ ಮೇಲೆ ನಿಂತಿತು, ಆದರೆ ನನ್ನ ಬೆರಳು ಗಿಡ್ಡ, ಎಸೆಯುವಾಗ ಲೈನ್ ಹಿಡಿಯಲು ಸಿಗುವುದಿಲ್ಲ. ಹಾಗಾಗಿ ಹಿಡಿತ ಹಳೇ ತರಹವೇ ಇಟ್ಟುಕೊಂಡು, ಹಿಂದಿನ ಬುಡಕ್ಕೆ ಐದು ರೂಪಾಯಿಯ ಆರು ನಾಣ್ಯ ಇಟ್ಟು ಕಪ್ಪು ಟೇಪ್ ಸುತ್ತಿದೆ. ನಿನ್ನೆ ಎರಡೂವರೆ ಗಂಟೆ ಕೆರೆಯಲ್ಲಿದ್ದೆ, ಎರಡು ಕೊರವ, ಮಣಿಕಟ್ಟು ತಕರಾರು ಮಾಡಲಿಲ್ಲ. ಬೀಸುವಾಗ ಮಾತ್ರ ಏಣಿ ಅಣ್ಣ ಹೇಳಿದ ಹಾಗೇ ಭಾರ ಉಳಿದಿದೆ. ತುದಿಯ ರಿಂಗ್ ನೋಡಿದರೆ ಹಳೇದರದಕ್ಕಿಂತ ದೊಡ್ಡದಿದೆ, ಮಡಿಕೇರಿಗೆ ಹೋದಾಗ ಚಿಕ್ಕದು ಸಿಗುತ್ತದಾ ನೋಡಬೇಕು.

ಹೆಂಡತಿಗೆ ಲೆಕ್ಕವೆಲ್ಲ ಬರೆದು ತೋರಿಸಿದೆ, ವಯಸ್ಸಲ್ಲ ಅಂತ. ಪೂರ್ತಿ ಓದಿ, ಹಾಲಿನ ಡಬ್ಬದಲ್ಲಿದ್ದ ಮೂವತ್ತು ರೂಪಾಯಿ ಎಲ್ಲಿ ಅಂತ ಕೇಳಿದಳು.