ಸಹಾಯ ಬೇಕು: ಗ್ರಾಫಿಕ್ಸ್ ಕಾರ್ಡನ್ನು ಈಗಲೇ ಬದಲಿಸಬೇಕೇ, ಇನ್ನೂ ಕಾಯಬೇಕೇ?

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು. ನನ್ನ ಕಂಪ್ಯೂಟರಿನಲ್ಲಿ ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ್‍ಯಾಮ್ ಮತ್ತು 2019ರಲ್ಲಿ ಮಾರುಕಟ್ಟೆಗೆ ಬಂದ ಜಿಟಿಎಕ್ಸ್ 1660 ಸೂಪರ್ ಕಾರ್ಡ್ ಇವೆ, ಮಾನಿಟರ್ 1080ಪಿಯದು. ಹಳೆಯ ಆಟಗಳು ಇಂದಿಗೂ ಸರಾಗವಾಗಿ ನಡೆಯುತ್ತವೆ. ಆದರೆ ಹೊಸ ಆಟಗಳಲ್ಲಿ ಕಾರ್ಡಿನ 6 ಜಿಬಿ ಮೆಮೊರಿ ತುಂಬಿದೊಡನೆ ಚಿತ್ರ ತಡವರಿಸುತ್ತದೆ, ಟೆಕ್ಸ್ಚರ್ (ಆಟದ ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟವನ್ನು ಇಳಿಸಿದರೆ ಮತ್ತೆ ಸರಿಹೋಗುತ್ತದೆ. ಆ ಹೊತ್ತಿನಲ್ಲಿ ಪ್ರೊಸೆಸರ್‌ಗೆ ಬಿಡುವಿರುತ್ತದೆ, ಕಾರ್ಡ್ ಮಾತ್ರ ಪೂರ್ತಿ ದುಡಿಯುತ್ತಿರುತ್ತದೆ. ಆದ್ದರಿಂದ ಅಡಚಣೆ ಕಾರ್ಡಿನದೇ ಎಂಬುದು ನನ್ನ ತೀರ್ಮಾನ.

ನನ್ನ ಮುಖ್ಯ ಗೊಂದಲ ಇದು. ಬದಲಿಗೆ ಎನ್‌ವಿಡಿಯಾ ಕಂಪನಿಯ ಎರಡು ಹೊಸ ಕಾರ್ಡುಗಳನ್ನು ಯೋಚಿಸುತ್ತಿದ್ದೇನೆ: ಆರ್‌ಟಿಎಕ್ಸ್ 5060 ಮತ್ತು ಅದಕ್ಕಿಂತ ಶಕ್ತಿಶಾಲಿಯಾದ 5060 ಟಿಐ. ಆರ್‌ಟಿಎಕ್ಸ್ 5060 ಕಾರ್ಡಿನಲ್ಲಿ 8 ಜಿಬಿ ಮೆಮೊರಿಯಷ್ಟೇ ಇದ್ದು, ಅದು ಪಿಸಿಐಇಯ (ಕಾರ್ಡಿಗೂ ಮದರ್‌ಬೋರ್ಡಿಗೂ ನಡುವೆ ದತ್ತಾಂಶ ಸಾಗುವ ದಾರಿ) 8 ಲೇನ್‌ಗಳನ್ನು ಮಾತ್ರ ಬಳಸುತ್ತದೆ; ನನ್ನ ಬೋರ್ಡ್ ಅದರ ಹಳೆಯ, ನಿಧಾನದ ಆವೃತ್ತಿಯಾದ ಪಿಸಿಐಇ 3.0 ಆಗಿರುವುದರಿಂದ, ಮೆಮೊರಿ ತುಂಬಿದಾಗ ರ್‍ಯಾಮ್‌ನಿಂದ ದತ್ತಾಂಶ ತರುವ ದಾರಿಯೇ ಕಿರಿದಾಗಿ, ಈಗಿನ ತೊಂದರೆಯೇ ಮರುಕಳಿಸೀತೆಂಬ ಆತಂಕ ನನಗಿದೆ. 16 ಜಿಬಿಯ 5060 ಟಿಐಗೆ ಹೆಚ್ಚು ಹಣ ತೆರುವುದು ಈ ಪ್ರೊಸೆಸರಿನೊಂದಿಗೆ ಸಾರ್ಥಕವಾದೀತೇ?

ನನ್ನ ಪವರ್ ಸಪ್ಲೈ 450 ವ್ಯಾಟ್‌ನದು, 5060ಕ್ಕೆ ಎನ್‌ವಿಡಿಯಾ ಸೂಚಿಸುವುದು 550 ವ್ಯಾಟ್. ನಮ್ಮಲ್ಲಿ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕೋಣೆಯಲ್ಲಿ ಎಸಿ ಇಲ್ಲ. ಹಾಗಾಗಿ ಸಪ್ಲೈ ವಿಷಯದಲ್ಲಿ ರಾಜಿ ಮಾಡಿಕೊಳ್ಳಲು ನಾನು ಸಿದ್ಧನಿಲ್ಲ.

ಬಿ450 ಬೋರ್ಡಿನಲ್ಲಿ ಈ ಕಾರ್ಡುಗಳನ್ನು ಬಳಸುತ್ತಿರುವವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಿ. ಬೆಳಗಾವಿ ಅಥವಾ ಹುಬ್ಬಳ್ಳಿಯಲ್ಲಿ ಕಾರ್ಡ್ ಕೊಂಡವರಿದ್ದರೆ, ವಾರಂಟಿ ಸೇವೆ ಅಲ್ಲಿಯೇ ದೊರೆಯಿತೇ ಎಂಬುದನ್ನೂ ಬರೆಯಿರಿ.