ಬುಲೆಟ್‌ಗೆ ಕಮ್ಮಿ ರೇಟಿನ ಕ್ರೋಮ್ ಪಾರ್ಟ್ಸ್, ಯಾವ್ದು ತಗೋಬೋದು ಯಾವ್ದು ಬೇಡ?

ಪ್ರಶ್ನೆ (ಮಂಡ್ಯದಿಂದ): ಸಾ ನಮಸ್ಕಾರ, 2016ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸೆಕೆಂಡ್ ಹ್ಯಾಂಡ್ ತಗೊಂಡಿವ್ನಿ, ಇಂಜಿನ್ ಚೆನ್ನಾಗೈತೆ ಆದ್ರೆ ಲೆಗ್ ಗಾರ್ಡು, ಮಿರರ್ರು, ಹೆಡ್‌ಲೈಟ್ ರಿಂಗು ಎಲ್ಲಾ ತುಕ್ಕು ಹಿಡ್ದೋಗೈತೆ. ಆನ್‌ಲೈನಲ್ಲಿ ಫುಲ್ ಕ್ರೋಮ್ ಕಿಟ್ ಅಂತ ಬೋಲ್ಟು ನಟ್ಟು ಸಮೇತ ಎಲ್ಲಾ ಸೇರ್ಸಿ ಮೂರು ಸಾವ್ರಕ್ಕೆ ಕೊಡ್ತಾವ್ರೆ, ಅಂಗಡೀಲಿ ಲೆಗ್ ಗಾರ್ಡ್ ಒಂದಕ್ಕೇ ಅಷ್ಟು ಕೇಳ್ತಾರೆ. ನನ್ ಬಜೆಟ್ ಐದು ಸಾವ್ರ. ದಿನಾ ಮೈಸೂರಿಗೆ ಓಡಾಟ, ಎಕ್ಸ್‌ಪ್ರೆಸ್ ವೇಲಿ ಬೈಕ್ ಬಿಡಲ್ವಲ್ಲ, ಸರ್ವೀಸ್ ರೋಡಲ್ಲೇ ಧೂಳು ಕುಡ್ಕೊಂಡು. ಕಿಟ್ ತಗೊಳ್ಲಾ?

ಉತ್ತರ (ಪ್ಲೇಟಿಂಗ್, ಪಾರ್ಟ್ಸ್ ಕೆಲಸ, ಮೈಸೂರು): ಕಿಟ್ ಬೇಡ ಗುರು. ಯಾಕೆ ಅಂದ್ರೆ, ಕ್ರೋಮ್ ಅಂತ ನಾವು ನೋಡೋದ್ರಲ್ಲಿ ಮೇಲಿರೋ ಕ್ರೋಮಿಯಂ ಪದರ ಅರ್ಧ ಮೈಕ್ರಾನೂ ಇರಲ್ಲ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಅದಕ್ಕೆ ಸಣ್ಣ ಸಣ್ಣ ಬಿರುಕು ಇದ್ದೇ ಇರತ್ತೆ, ತುಕ್ಕು ತಡಿಯೋದು ಅದರ ಕೆಳಗಿರೋ ನಿಕಲ್, ಅದು ಹತ್ತಿಪ್ಪತ್ತು ಮೈಕ್ರಾನ್ ಆದ್ರೂ ಇರ್ಬೇಕು. ನಿಕಲ್ ದುಬಾರಿ, ಅದಕ್ಕೇ ಕಮ್ಮಿ ರೇಟಿನವ್ರು ಕತ್ರಿ ಹಾಕೋದೇ ಅಲ್ಲಿ. ಅಂಗಡೀಲಿ ಎರಡೂ ಒಂದೇ ಥರ ಫಳಫಳ ಅಂತವೆ, ಒಂದು ಮಳೆಗಾಲ ಕಳೀಲಿ, ಚುಕ್ಕೆ ಚುಕ್ಕೆ ತುಕ್ಕು ಯಾವ್ದರಲ್ಲಿ ಬರತ್ತೆ ನೋಡಿ.

ನಿಮ್ಮ ಐದು ಸಾವ್ರದಲ್ಲಿ ಮುಕ್ಕಾಲು ಭಾಗ ಲೆಗ್ ಗಾರ್ಡು ಮಿರರ್ರು ಎರಡಕ್ಕೇ ಹಾಕಿ. ಲೆಗ್ ಗಾರ್ಡು ಆದಷ್ಟೂ ಸ್ಟೇನ್‌ಲೆಸ್ ಸ್ಟೀಲಿಂದೇ ತಗೊಳ್ಳಿ, ಬೀಳ್ಸಿ ಗೀರಾದ್ರೂ ಕೆಳಗೆ ಅದೇ ಲೋಹ ಇರತ್ತೆ, ಸುಲಿಯಕ್ಕೆ ಪದರಾನೇ ಇಲ್ಲ. ಬಣ್ಣ ಸ್ವಲ್ಪ ಮಂಕು, ಕ್ರೋಮಿನ ಆ ನೀಲಿ ಛಾಯೆ ಇರಲ್ಲ. ಹೋಗುವಾಗ ಜೇಬಲ್ಲಿ ಒಂದು ಅಯಸ್ಕಾಂತ ಇಟ್ಕೊಳ್ಳಿ, ಹಳೇ ಸ್ಪೀಕರಿಂದಾದ್ರೂ ಪರ್ವಾಗಿಲ್ಲ. ಗಟ್ಟಿಯಾಗಿ ಹಿಡ್ಕೊಂಡ್ರೆ ಅದು ಬಹುತೇಕ ಕಬ್ಬಿಣದ ಮೇಲೆ ಪ್ಲೇಟಿಂಗ್, ಅಂಗಡಿಯೋನು ಏನೇ ಹೇಳ್ಲಿ. ಹಿಡಿದೇ ಇದ್ರೆ ಸ್ಟೇನ್‌ಲೆಸ್ ಇರ್ಬೋದು, ಪ್ಲಾಸ್ಟಿಕ್ಕೂ ಇರ್ಬೋದು, ತಟ್ಟಿ ನೋಡಿದ್ರೆ ಸದ್ದಲ್ಲೇ ಗೊತ್ತಾಗತ್ತೆ.

ಪ್ಲೇಟಿಂಗ್ ಇರೋದೇ ತಗೊಳ್ಳೋದಾದ್ರೆ ಮುಂಭಾಗ ನೋಡ್ಬೇಡಿ. ವೆಲ್ಡಿಂಗ್ ಜಾಯಿಂಟು, ಒಳಮೂಲೆ, ಪೈಪಿನ ತುದಿ ನೋಡಿ. ಕರೆಂಟು ಹಾಯ್ಸಿ ಲೋಹದ ಪದರ ಕೂರ್ಸೋ ಪ್ಲೇಟಿಂಗ್ ತೊಟ್ಟೀಲಿ ಆ ಸಂದಿಗೆ ಕರೆಂಟು ಸರಿಯಾಗಿ ತಲುಪಲ್ಲ, ಅಲ್ಲಿ ಹಳದಿ ಛಾಯೆ ಕಂಡ್ರೆ ಬರೀ ನಿಕಲ್ಲು, ಮಂಕಾಗಿ ಕಪ್ಪಗಿದ್ರೆ ಅದೂ ಇಲ್ಲ. ಪೈಪಿನ ಒಳಗಂತೂ ಪ್ಲೇಟಿಂಗ್ ಹೋಗೋದೇ ಇಲ್ಲ, ತಂದ ದಿನಾನೇ ಒಳಗೆ ಸ್ವಲ್ಪ ಎಣ್ಣೆ ಬಿಟ್ಟು ತುದಿಗೆ ಕ್ಯಾಪ್ ಹಾಕ್ಬಿಡಿ.

ಹೆಡ್‌ಲೈಟ್ ರಿಂಗು ಪ್ಲಾಸ್ಟಿಕ್ ಆದ್ರೂ ನಡೆಯತ್ತೆ, ಸರಿಯಾಗಿ ಪ್ಲೇಟಿಂಗ್ ಆಗಿರೋ ಎಬಿಎಸ್ ಪ್ಲಾಸ್ಟಿಕ್‌ಗೆ ತುಕ್ಕು ಅನ್ನೋದೇ ಇಲ್ಲ, ಕಾರಿನ ಗ್ರಿಲ್ ಎಲ್ಲಾ ಅದೇ ತಾನೆ. ಉಗುರಲ್ಲಿ ಕೆರೆದ್ರೆ ಏಳೋ ಅಂಥ ಕೋಟಿಂಗ್ ಇದ್ರೆ ಮಾತ್ರ ಬಿಟ್ಬಿಡಿ.

ಕಿಟ್ಟಲ್ಲಿ ಬರೋ ಕ್ರೋಮ್ ಬೋಲ್ಟ್ ಇದ್ಯಲ್ಲ, ಅದನ್ನ ಬ್ರೇಕಿಗೆ, ಆಕ್ಸಲ್‌ಗೆ, ಹ್ಯಾಂಡಲ್ ಕ್ಲ್ಯಾಂಪ್‌ಗೆ ದಯವಿಟ್ಟು ಹಾಕ್ಬೇಡಿ. ಗಟ್ಟಿ ಉಕ್ಕಿನ ಬೋಲ್ಟು ಆಸಿಡ್ಡಲ್ಲಿ ಅದ್ದಿ ಪ್ಲೇಟಿಂಗ್ ಮಾಡಿದಾಗ ಹೈಡ್ರೋಜನ್ ಒಳಗೆ ಸೇರ್ಕೊಳತ್ತೆ, ಆಮೇಲೆ ಓವನ್ನಲ್ಲಿ ಬೇಯಿಸಿ ಅದನ್ನ ತೆಗೀಬೇಕು, ತೆಗೀದೆ ಇದ್ರೆ ಒಂದಿನ ಹೇಳದೆ ಕೇಳದೆ ಮುರಿಯತ್ತೆ. ಅಗ್ಗದ ಬೋಲ್ಟಿಗೆ ಯಾರು ಓವನ್ ಹಚ್ತಾರೆ ಹೇಳಿ.

ಪ್ರಶ್ನೆ (ಅವ್ರೇ): ಸೂಪರ್ ಸಾ. ಹೊಸ ಕ್ಲಾಸಿಕ್‌ದು ಒಂದು ಲೆಗ್ ಗಾರ್ಡ್ ಫ್ರೆಂಡ್ ಹತ್ರ ಐತೆ, ಕಮ್ಮಿಗೆ ಕೊಡ್ತೀನಿ ಅಂತಾನೆ?

ಉತ್ತರ: 2021ರಲ್ಲಿ ಬಂದ ಹೊಸ ಮಾಡೆಲ್ ಚಾಸಿಸ್ಸೇ ಬೇರೆ, ಇಂಜಿನ್ನೂ ಬೇರೆ. ಬಗ್ಗಿಸಿ ತೂತು ಕೊರ್ದು ಕೂರ್ಸಕ್ಕೆ ಹೋದ್ರೆ ಆ ತೂತಿಂದಲೇ ತುಕ್ಕು ಶುರು. ಬೇಡ.

ಪ್ರಶ್ನೆ (ಇನ್ನೊಬ್ರು, ಮೈಸೂರಿನ ಯಾದವಗಿರಿ): ಅಪ್ಪ ಇಲ್ಲೇ ಐಡಿಯಲ್ ಜಾವಾ ಬೈಕ್ ಫ್ಯಾಕ್ಟ್ರೀಲಿದ್ರು, 1996ರಲ್ಲಿ ಮುಚ್ಚೋವರ್ಗೂ. ಮನೇಲಿರೋ ಜಾವಾ ಟ್ಯಾಂಕಿನ ಪಕ್ಕದ ಕ್ರೋಮ್ ಎದ್ದೋಗಿದೆ, ಮತ್ತೆ ಹಾಕಿಸ್ಬೋದಾ?

ಉತ್ತರ: ಹಾಕಿಸ್ಬೋದು, ಆ ಗಾಡಿಗೆ ಮಾರ್ಕೆಟ್ ಟ್ಯಾಂಕ್ ಹಾಕೋದು ಪಾಪ ಕಣ್ರೀ. ಹಳೇ ಕ್ರೋಮ್ ನಿಕಲ್ ತೆಗ್ದು, ಗುಳಿ ಪಾಲಿಶ್ ಮಾಡಿ, ಸಣ್ಣ ಪುಟ್ಟ ಗುಳಿ ತಾಮ್ರದಲ್ಲಿ ತುಂಬಿ, ಆಮೇಲೆ ನಿಕಲ್, ಕೊನೇಗೆ ಕ್ರೋಮ್. ಖರ್ಚೆಲ್ಲಾ ಪಾಲಿಶ್ ಮಾಡೋ ಕೂಲೀಲೇ. ತಗಡು ಎಲ್ಲಾದ್ರೂ ತೆಳುವಾಗಿದ್ರೆ ಪಾಲಿಶ್ ಮಾಡೋವಾಗ್ಲೇ ತೂತಾಗತ್ತೆ, ಅದನ್ನ ಮೊದ್ಲೇ ನೋಡಿಸಿ. ಪೇಂಟ್ ಕೆಲ್ಸ ಪ್ಲೇಟಿಂಗ್ ಆದ್ಮೇಲೆ.

ಪ್ರಶ್ನೆ (ಶ್ರೀರಂಗಪಟ್ಟಣ): ನಂದು ಬೆಂಡ್ ಪೈಪ್ (ಇಂಜಿನ್ನಿಂದ ಸೈಲೆನ್ಸರ್‌ಗೆ ಹೋಗೋದು) ನೀಲಿ ಆಗೋಗಿದೆ, ಡೂಪ್ಲಿಕೇಟ್ ಅನ್ಸತ್ತೆ?

ಉತ್ತರ: ಅದು ಡೂಪ್ಲಿಕೇಟಿಂದಲೇ ಅಂತಿಲ್ಲ, ಬಿಸಿಗೆ ಒರಿಜಿನಲ್ಲೂ ನೀಲಿ ಆಗತ್ತೆ. ಸೈಲೆನ್ಸರ್ ಬದಲಾಯಿಸಿ ಕಾರ್ಬ್ಯುರೇಟರ್ ಹಂಗೇ ಬಿಟ್ಟಿದ್ರೆ ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಆಗಿ ಇನ್ನೂ ಬಿಸಿ ಆಗತ್ತೆ. ಮೊದ್ಲು ಅದನ್ನ ಸರಿ ಮಾಡಿಸಿ, ಹೊಸ ಪೈಪ್ ತಗೊಂಡ್ರೆ ಪೈಪೊಳಗೆ ಇನ್ನೊಂದು ಪೈಪ್ ಇರೋ ಎರಡು ಪದರದ್ದು ತಗೊಳ್ಳಿ.

ಪ್ರಶ್ನೆ (ಮಂಡ್ಯದವ್ರೇ): ಲಾಸ್ಟು ಸಾ, ಆಯುಧ ಪೂಜೆಗೆ ಹುಣಸೆಹಣ್ಣಲ್ಲಿ ಉಜ್ಬೋದಾ?

ಉತ್ತರ: ಹಿತ್ತಾಳೆ ಚೊಂಬಿಗೆ ಉಜ್ಜಿ, ಕ್ರೋಮಿಗೆ ಬೇಡ. ಟಾಯ್ಲೆಟ್ ಕ್ಲೀನರ್ ಹಾಕೋರೂ ಇದಾರೆ, ಅದರಲ್ಲಿರೋ ಆಸಿಡ್ಡು ಕ್ರೋಮನ್ನೇ ತಿಂದಾಕತ್ತೆ. ಈಗಿರೋ ತುಕ್ಕಿನ ಚುಕ್ಕೆಗೆ ಊಟ ಸುತ್ತೋ ಅಲ್ಯೂಮಿನಿಯಂ ಫಾಯಿಲ್ ಮುದುರಿ ನೀರಲ್ಲಿ ಅದ್ದಿ ಮೆತ್ತಗೆ ಉಜ್ಜಿ, ಒರೆಸಿ ಕಾರ್ ವ್ಯಾಕ್ಸ್ ಹಚ್ಚಿ. ಬೋರ್ ನೀರಲ್ಲಿ ತೊಳೆದು ಬಿಸಿಲಿಗೆ ಬಿಟ್ರೆ ಬಿಳೀ ಕಲೆ ಕೂರತ್ತೆ, ಒಣಗೋಕೆ ಮುಂಚೆ ಬಟ್ಟೇಲಿ ಒರೆಸ್ಬಿಡಿ. ಪೂಜೆ ದಿನ ನಿಂಬೆಹಣ್ಣು ಚಕ್ರದ ಕೆಳಗೆ ಮಾತ್ರ ಇಡಿ, ಲೆಗ್ ಗಾರ್ಡಿಗೆ ಹಿಂಡ್ಬೇಡಿ.